ಮಳೆಯಲ್ಲಿ ಕಂಡ ಬೆಕ್ಕು, ಬಾಗಿಲಿಗೆ ಬಂದ ಬೆಕ್ಕು

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇಯ ‘ಕ್ಯಾಟ್ ಇನ್ ದ ರೇನ್’ ಕಥೆಯನ್ನು ಪಾಠ ಮಾಡುವಾಗ ತರಗತಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಬೆಕ್ಕು ಎಂದರೆ ಹೆಂಡತಿ ಬಯಸುತ್ತಿರುವ ಮಗು ಎಂದು ಗೈಡಿನಲ್ಲಿರುವುದನ್ನು ಕೆಲವರು ಹಿಡಿದರು. ಬೆಕ್ಕು ಎಂದರೆ ಅವಳೇ ಎಂದು ಕೆಲವರು ವಾದಿಸಿದರು. ಒಬ್ಬ ಹುಡುಗ ಬೆಕ್ಕು ಅಪಶಕುನವಲ್ಲವೇ ಎಂದ. ಕೊನೆಗೆ ಒಬ್ಬಳು, ‘ಕಡೆಯಲ್ಲಿ ತಂದುಕೊಟ್ಟದ್ದು ಮೊದಲು ಕಂಡ ಬೆಕ್ಕೇ ಅಲ್ಲದಿದ್ದರೆ ಈ ಅರ್ಥಗಳೆಲ್ಲ ಏನಾಗುತ್ತವೆ, ಮೇಡಂ?’ ಎಂದು ಕೇಳಿದಳು. ‘ಯಾರಿಗೆ ಹೇಗೆ ತೋರುತ್ತದೋ ಹಾಗೆ’ ಎಂದು ಹೇಳಿ ಪಾಠ ಮುಗಿಸಿದೆ. ಆ ಉತ್ತರ ನನಗೇ ಒಪ್ಪಿಗೆಯಾಗಿಲ್ಲ. ಇಂಥ ಕಥೆಗೆ ಸರಿಯಾದ ಅರ್ಥ ಎಂಬುದು ಇದೆಯೇ? ಇಲ್ಲದಿದ್ದರೆ ಪರೀಕ್ಷೆಯಲ್ಲಿ ಮಕ್ಕಳು ಏನು ಬರೆಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಪ್ರಾಣಿಯೊಂದು ಕಥೆಯೊಳಗೆ ಬಂದರೆ ಅದಕ್ಕೊಂದು ಗೂಢಾರ್ಥ ಇರಲೇಬೇಕೇ ಎಂಬುದು ಮೊದಲನೆಯದು. ಕಥೆ ತಾನೇ ಬಾಯಿಬಿಟ್ಟು ಹೇಳದಿರುವಾಗ ಓದುಗರಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದು ಎರಡನೆಯದು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಈ ಎರಡನ್ನೂ ಒಂದೇ ಕಡೆ ಮುಟ್ಟಿದೆ. ಈ ಕಥೆಯ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಅತ್ಯಂತ ಚುರುಕಾದದ್ದು ಅದೇ ಎಂದು ನಾನು ತಿಳಿದಿದ್ದೇನೆ. ಆದ್ದರಿಂದ ನನ್ನ ಉತ್ತರದ ಬಹುಭಾಗ ಅವಳಿಗೇ ಸಲ್ಲುತ್ತದೆ.

ಕಥೆ ಓದದವರಿಗಾಗಿ ಅದರ ಹಂದರವನ್ನಷ್ಟು ಹೇಳುತ್ತೇನೆ. 1925ರಲ್ಲಿ ಪ್ರಕಟವಾದ ‘ಇನ್ ಅವರ್ ಟೈಮ್’ ಸಂಕಲನದಲ್ಲಿ ಈ ಕಥೆ ಇದೆ. ಇಟಲಿಯ ಕಡಲ ದಂಡೆಯ ಹೋಟೆಲೊಂದರ ಎರಡನೇ ಮಹಡಿಯಲ್ಲಿ ಅಮೆರಿಕದ ದಂಪತಿಗಳು ತಂಗಿದ್ದಾರೆ. ಹೊರಗೆ ಮಳೆ ಸುರಿಯುತ್ತಿದೆ. ಗಂಡ ಜಾರ್ಜ್ ಮಂಚದ ಮೇಲೆ ಮಲಗಿ ಪುಸ್ತಕ ಓದುತ್ತಿದ್ದಾನೆ. ಕಿಟಕಿಯ ಬಳಿ ನಿಂತ ಹೆಂಡತಿಗೆ ಕೆಳಗೆ ನೀರು ತೊಟ್ಟಿಕ್ಕುವ ಹಸಿರು ಮೇಜಿನಡಿ, ನೆನೆಯದಂತೆ ಮುದುಡಿಕೊಳ್ಳಲು ಹೆಣಗುತ್ತಿರುವ ಬೆಕ್ಕೊಂದು ಕಾಣುತ್ತದೆ. ಅದನ್ನು ತರಲು ಅವಳು ಇಳಿದು ಹೋಗುತ್ತಾಳೆ. ಹೋಟೆಲಿನ ಯಜಮಾನ ಎದ್ದು ಗೌರವದಿಂದ ತಲೆಬಾಗುತ್ತಾನೆ, ಅವನು ಕಳಿಸಿದ ಕೆಲಸದಾಕೆ ಹಿಂದಿನಿಂದ ಬಂದು ಕೊಡೆ ಬಿಚ್ಚುತ್ತಾಳೆ, ಆದರೆ ಬೆಕ್ಕು ಅಲ್ಲಿಲ್ಲ. ಕೋಣೆಗೆ ಮರಳಿದ ಹೆಂಡತಿ ತನಗೆ ಏನೇನು ಬೇಕು ಎಂದು ಹೇಳತೊಡಗುತ್ತಾಳೆ: ಉದ್ದ ಕೂದಲು, ತೊಡೆಯ ಮೇಲೊಂದು ಬೆಕ್ಕು, ತನ್ನದೇ ಬೆಳ್ಳಿಯ ಸಾಮಾನು, ಮೇಣದ ಬತ್ತಿ, ವಸಂತಕಾಲ. ಬಾಯಿ ಮುಚ್ಚಿಕೊಂಡು ಏನಾದರೂ ಓದು ಎನ್ನುತ್ತಾನೆ ಜಾರ್ಜ್. ಆಮೇಲೆ ಬಾಗಿಲು ಬಡಿದ ಸದ್ದು. ಕೆಲಸದಾಕೆ ಕಪ್ಪು-ಕಿತ್ತಳೆ ಬಣ್ಣ ಬೆರೆತ ದೊಡ್ಡ ಬೆಕ್ಕೊಂದನ್ನು ಮೈಗೆ ಒತ್ತಿ ಹಿಡಿದು ನಿಂತಿದ್ದಾಳೆ. ಅಮ್ಮನವರಿಗೆ ಕೊಡಲು ಯಜಮಾನರು ಹೇಳಿದರು ಎನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಅಪಶಕುನದ ಮಾತನ್ನು ಮೊದಲು ಪಕ್ಕಕ್ಕಿಡೋಣ. ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎಂಬ ನಮ್ಮ ಮನೆಮಾತಿಗೆ ಈ ಕಥೆಯಲ್ಲಿ ಆಧಾರವಿಲ್ಲ. ಇಲ್ಲಿ ಬೆಕ್ಕಿಗೆ ಹೆದರುವವರು ಯಾರೂ ಇಲ್ಲ. ಆದರೂ ಆ ಹುಡುಗ ಹಾಗೆ ಕೇಳಿದ್ದು ಸಹಜ. ಓದುವವರೆಲ್ಲ ತಮ್ಮ ಊರಿನ ಬೆಕ್ಕನ್ನು ಕಥೆಯೊಳಕ್ಕೆ ಒಯ್ಯುತ್ತಾರೆ. ಹಾಗೆ ಒಯ್ದದ್ದನ್ನು ಗುರುತಿಸಿ, ಇದು ನನ್ನದು, ಕಥೆಯದಲ್ಲ ಎಂದು ಬೇರ್ಪಡಿಸಿಕೊಳ್ಳುವುದು ವ್ಯಾಖ್ಯಾನದ ಮೊದಲ ಹೆಜ್ಜೆ ಎಂದು ಅವನಿಗೆ ಹೇಳಿದರೆ ಸಾಕು.

ಗೈಡುಗಳು ಬೆಳೆಸಿರುವ ತಪ್ಪು ನಂಬಿಕೆ ಇದಕ್ಕಿಂತ ಆಳವಾದದ್ದು: ಕಥೆಯಲ್ಲಿ ಬರುವ ಪ್ರಾಣಿ ಒಂದು ಬೀಗ, ಅದಕ್ಕೆ ಒಂದೇ ಕೀಲಿಕೈ ಎಂಬ ನಂಬಿಕೆ. ಇದರ ಬೇರು ಇರುವುದು ನಮ್ಮ ಬಾಲ್ಯದ ಓದಿನಲ್ಲಿ. ದುರ್ಗಸಿಂಹನ ಕಾಲದಿಂದ ಕನ್ನಡದಲ್ಲಿ ಹರಿದುಬಂದ ಪಂಚತಂತ್ರದಲ್ಲಿ ನರಿಯ ಗುಣ ಮೊದಲೇ ನಿಶ್ಚಿತ. ಗೋವಿನ ಹಾಡಿನ ಪುಣ್ಯಕೋಟಿ ಸತ್ಯದ ಮೂರ್ತಿ. ಅದು ಒಮ್ಮೆಯಾದರೂ ಸುಳ್ಳು ಹೇಳಿದ್ದರೆ ಹಾಡೇ ಬಿದ್ದುಹೋಗುತ್ತಿತ್ತು. ಆ ಕೃತಿಗಳಲ್ಲಿ ಪ್ರಾಣಿಗೂ ಅರ್ಥಕ್ಕೂ ಇರುವ ನಂಟು ಕಥೆ ಆರಂಭವಾಗುವ ಮೊದಲೇ ಗೊತ್ತಾಗಿರುತ್ತದೆ, ಕೇಳುವವರೆಲ್ಲರಿಗೂ ಅದರ ಬಗ್ಗೆ ಒಪ್ಪಂದವಿರುತ್ತದೆ. ಇದನ್ನು ಕೊರತೆ ಎಂದು ನಾನು ಹೇಳುತ್ತಿಲ್ಲ; ಆ ಪ್ರಕಾರದ ಶಕ್ತಿ ಇರುವುದೇ ಆ ಒಪ್ಪಂದದಲ್ಲಿ. ಆಧುನಿಕ ಸಣ್ಣಕಥೆ ಬರುವ ಹೊತ್ತಿಗೆ ಆ ಒಪ್ಪಂದ ಉಳಿದಿರಲಿಲ್ಲ. ಹೆಮಿಂಗ್ವೇಯ ಬೆಕ್ಕು ಯಾವ ಗುಣದ ಪ್ರತಿನಿಧಿಯಾಗಿಯೂ ಕಥೆಯೊಳಗೆ ಬಂದಿಲ್ಲ. ಅದು ನೆನೆಯುತ್ತಿದ್ದ ಒಂದು ಬೆಕ್ಕು; ಒಬ್ಬ ಹೆಂಗಸು ನೋಡಿದ್ದರಿಂದ ಅದಕ್ಕೆ ಅರ್ಥ ಕೂಡಿಬಂತು.

ಇದನ್ನು ನಿಮ್ಮ ವಿದ್ಯಾರ್ಥಿಗಳಿಗೆ ವಿವರಿಸಲು ಹೊರಗಿನ ಪರಿಭಾಷೆ ಬೇಕಿಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನ ಧ್ವನಿವಿಚಾರವನ್ನು, ಅಂದರೆ ಹೇಳಿದ ಮಾತಿನಾಚೆಗೆ ಹೊಳೆಯುವ ಅರ್ಥದ ವಿಚಾರವನ್ನು, ಅವರು ಕನ್ನಡ ತರಗತಿಯಲ್ಲಿ ಅಷ್ಟಿಷ್ಟು ಕೇಳಿರುತ್ತಾರೆ. ‘ಗಂಗೆಯ ಮೇಲೆ ಹಳ್ಳಿ’ ಎಂದಾಗ ನೀರಿನ ಮೇಲೆ ಹಳ್ಳಿ ಇರಲಾರದ್ದರಿಂದ ಮೂಲ ಅರ್ಥ ಕಡಿದು, ‘ಗಂಗೆಯ ದಡದಲ್ಲಿ’ ಎಂಬ ಅರ್ಥಕ್ಕೆ ಸರಿಯುತ್ತೇವೆ, ಅದು ಲಕ್ಷಣೆ. ಮೂಲ ಅರ್ಥ ಎಲ್ಲಿಯೂ ಕಡಿಯದೆ, ತಾನು ಪೂರ್ಣವಾಗಿ ನಿಂತುಕೊಂಡೇ ಮತ್ತೊಂದನ್ನು ಹೊಳೆಯಿಸುವ ಬಗೆಯೂ ಉಂಟು. ಅದನ್ನು ವಿವಕ್ಷಿತಾನ್ಯಪರವಾಚ್ಯ ಧ್ವನಿ ಎಂದು ಕರೆದಿದ್ದಾರೆ. ಗೈಡು ಈ ಕಥೆಯ ಬೆಕ್ಕನ್ನು ಲಕ್ಷಣೆಯಂತೆ ಓದುತ್ತದೆ: ಬೆಕ್ಕನ್ನು ಕಡಿದು ಹಾಕಿ ಆ ಜಾಗದಲ್ಲಿ ಮಗುವನ್ನು ಕೂರಿಸುತ್ತದೆ. ಕಥೆ ಕೇಳುವುದು ಎರಡನೆಯ ಬಗೆಯ ಓದನ್ನು. ಬೆಕ್ಕು ಕೊನೆಯ ಸಾಲಿನವರೆಗೂ ತೂಕವಿರುವ, ಕೈಯಿಂದ ಜೋತುಬೀಳುವ ಬೆಕ್ಕಾಗಿಯೇ ಇರುತ್ತದೆ.

ಹೀಗೆ ಮಾತಿನಾಚೆಗಿನ ಅರ್ಥ (ವ್ಯಂಗ್ಯಾರ್ಥ) ಹೊಳೆಯಬೇಕಾದರೆ ಮಾತು ಯಾರದು, ಯಾರಿಗೆ ಹೇಳಿದ್ದು, ಯಾವ ದೇಶ, ಯಾವ ಕಾಲ, ಯಾವ ಪ್ರಸ್ತಾಪದಲ್ಲಿ ಬಂದದ್ದು ಎಂಬುದನ್ನು ನೋಡಬೇಕೆಂದು ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟ ಹೇಳುತ್ತಾನೆ. ಯಾರಿಗೆ ಹೇಗೆ ತೋರುತ್ತದೋ ಹಾಗೆ ಎಂಬ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದುದಕ್ಕೆ ಕಾರಣ ಇದರಲ್ಲಿದೆ. ಸಂದಿಗ್ಧತೆ ಎಂದರೆ ಕಥೆಯ ಮೇಲೆಲ್ಲ ಒಂದೇ ಸಮ ಕವಿದ ಮಬ್ಬಲ್ಲ. ಅದು ಕೆಲವು ನಿರ್ದಿಷ್ಟ ಜಾಗಗಳಲ್ಲಿ, ಲೇಖಕ ಒಂದು ಮಾತನ್ನು ತಡೆಹಿಡಿದ ಕಡೆಗಳಲ್ಲಿ ಮಾತ್ರ ಇರುತ್ತದೆ. ಉಳಿದ ಕಡೆ ಕಥೆ ಖಚಿತವಾಗಿಯೇ ಮಾತನಾಡುತ್ತದೆ. ಜಾರ್ಜ್ ಮಂಚದಿಂದ ಏಳಲಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಬೆಕ್ಕನ್ನು ಕಳಿಸಿದ್ದು ಯಜಮಾನ ಎಂಬುದರಲ್ಲಿಯೂ ಇಲ್ಲ. ಯಾವುದು ಇತ್ಯರ್ಥವಾಗಿದೆ, ಯಾವುದು ಆಗಿಲ್ಲ ಎಂದು ಗೆರೆ ಎಳೆಯುವುದೇ ಓದುಗರ ಮುಖ್ಯ ಕೆಲಸ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ಎರಡೂ ಒಂದೇ ಬೆಕ್ಕೋ ಅಲ್ಲವೋ ಎಂದು ಹೇಳಲು ಮೊದಲ ಬೆಕ್ಕಿನ ಬಣ್ಣ ನಮಗೆ ತಿಳಿದಿರಬೇಕಿತ್ತು. ಕಥೆ ಅದನ್ನು ಎಲ್ಲಿಯೂ ಹೇಳುವುದಿಲ್ಲ. ಬಾಗಿಲಿಗೆ ಬಂದ ಬೆಕ್ಕಿಗೆ ಬಣ್ಣವಿದೆ, ಗಾತ್ರವಿದೆ. ಮಳೆಯಲ್ಲಿದ್ದ ಬೆಕ್ಕಿಗೆ ಅದರ ಭಂಗಿ ಮಾತ್ರ ಇದೆ. ಹೆಂಡತಿ ಅದನ್ನು ಮತ್ತೆ ಮತ್ತೆ ಮುದ್ದಿನಿಂದ ‘ಕಿಟ್ಟಿ’ (ಬೆಕ್ಕಿನ ಮರಿಯನ್ನು ಕರೆಯುವ ಇಂಗ್ಲಿಷ್ ಮಾತು) ಎನ್ನುವುದರಿಂದ ಅದು ಚಿಕ್ಕದೆಂದೂ, ಬಂದದ್ದು ದೊಡ್ಡದಾದ್ದರಿಂದ ಅದು ಬೇರೆಯೆಂದೂ ಹಲವರು ತೀರ್ಮಾನಿಸುತ್ತಾರೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅವಳು ನೋಡಿದ್ದು ಎರಡನೇ ಮಹಡಿಯಿಂದ; ಬೆಕ್ಕು ಇದ್ದದ್ದು ಮೇಜಿನಡಿಯಲ್ಲಿ; ಅದು ಮೈಯನ್ನೆಲ್ಲ ಮುದುಡಿಕೊಂಡಿತ್ತು. ದೊಡ್ಡ ಬೆಕ್ಕು ಕೂಡ ಹಾಗೆ ಕುಳಿತರೆ ಮರಿಯಂತೆ ಕಾಣಬಹುದು. ಹೀಗಾಗಿ ಬೇರೆ ಬೆಕ್ಕು ಎಂಬ ವಾದಕ್ಕೆ ಗಾತ್ರದ ಸಾಕ್ಷ್ಯ ಸಾಲದು. ಅದೇ ಬೆಕ್ಕು ಎಂಬ ವಾದಕ್ಕೂ ಸಾಕ್ಷ್ಯ ಸಾಲದು, ಏಕೆಂದರೆ ಅದನ್ನು ಯಾರು ಎಲ್ಲಿ ಹುಡುಕಿ ಹಿಡಿದರು ಎಂಬ ಮಾತೇ ಇಲ್ಲ. ಬಂದ ಬೆಕ್ಕು ನೆನೆದಿತ್ತೇ, ಒಣಗಿತ್ತೇ ಎಂಬುದನ್ನೂ ಹೇಳಿಲ್ಲ. ಒಂದೇ ಒಂದು ವಿಶೇಷಣದಿಂದ ಲೇಖಕ ಈ ಸಂದೇಹವನ್ನು ನಿವಾರಿಸಬಹುದಿತ್ತು, ನಿವಾರಿಸಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. 1980ರಲ್ಲಿ ಈ ಕಥೆಯನ್ನು ವಿಶ್ಲೇಷಿಸಿದ ಇಂಗ್ಲಿಷ್ ವಿಮರ್ಶಕ ಡೇವಿಡ್ ಲಾಜ್ ಅದರ ಕಡೆಗೆ ಬೆರಳು ತೋರಿಸಿದರು. ಕಥೆಯ ಬಹುಪಾಲು ನಾವು ಹೆಂಡತಿಯ ಜೊತೆಗಿರುತ್ತೇವೆ, ಅವಳೊಂದಿಗೇ ಮೆಟ್ಟಿಲು ಇಳಿಯುತ್ತೇವೆ. ಆದರೆ ಬಾಗಿಲು ಬಡಿದಾಗ ‘ಒಳಗೆ ಬನ್ನಿ’ ಎಂದದ್ದು ಜಾರ್ಜ್. ಪುಸ್ತಕದಿಂದ ತಲೆಯೆತ್ತಿ ನೋಡಿದವನೂ ಜಾರ್ಜ್. ಆ ಕ್ಷಣದಲ್ಲಿ ನಾವು ಅವನ ಕಣ್ಣಿಗೆ ದಾಟಿಬಿಟ್ಟಿದ್ದೇವೆ. ಮೊದಲ ಬೆಕ್ಕನ್ನು ಅವನು ನೋಡಿಯೇ ಇಲ್ಲ. ಅದೇ ಬೆಕ್ಕು ಹೌದೋ ಅಲ್ಲವೋ ಎಂದು ಆ ಕೋಣೆಯಲ್ಲಿ ಹೇಳಬಲ್ಲವಳು ಒಬ್ಬಳೇ, ಮತ್ತು ಅವಳ ಮುಖವನ್ನು ಕಥೆ ತೋರಿಸುವುದಿಲ್ಲ. ಹೀಗಾಗಿ ನಿಮ್ಮ ವಿದ್ಯಾರ್ಥಿನಿಗೆ ಗೊತ್ತಾಗದಿರುವುದು ಅವಳ ಓದಿನ ದೋಷವಲ್ಲ. ಕಥೆಯ ಕಟ್ಟೋಣವೇ ಅವಳನ್ನು ಆ ಅರಿಯದ ಜಾಗದಲ್ಲಿ, ಕಿಟಕಿಯ ಬಳಿಗೆ ಒಮ್ಮೆಯೂ ಹೋಗದ ಗಂಡನ ಜಾಗದಲ್ಲಿ ತಂದು ನಿಲ್ಲಿಸಿದೆ. ಇದನ್ನು ಕಂಡಾಗಲೆಲ್ಲ ನನಗೆ ಆ ಬರಹಗಾರನ ಸಂಯಮದ ಬಗ್ಗೆ ಗೌರವ ಹೆಚ್ಚುತ್ತದೆ.

ಇನ್ನು ತರಗತಿಯಲ್ಲಿ ಬಂದ ಒಂದೊಂದು ಓದನ್ನೂ ಅದರ ಬಲ ಮತ್ತು ಅಪಾಯಗಳೊಂದಿಗೆ ನೋಡೋಣ.

ಬೆಕ್ಕು ಎಂದರೆ ಮಗು ಎಂಬ ಓದಿಗೆ ಆಧಾರವೇ ಇಲ್ಲವೆಂದು ಹೇಳಲಾಗದು. ತೊಡೆಯ ಮೇಲೆ ಕೂರಿಸಿ ಸವರುವ ಆಸೆ, ಮನೆ ಮಾಡಿಕೊಂಡು ನೆಲೆಯೂರುವ ಹಂಬಲ, ಯಜಮಾನ ತಲೆಬಾಗಿದಾಗ ಒಳಗೆ ಏನೋ ಚಿಕ್ಕದಾಗಿ ಬಿಗಿದಂತಾಯಿತು ಎಂಬ ವಾಕ್ಯ, ಇವೆಲ್ಲ ಆ ದಿಕ್ಕಿಗೆ ಸೆಳೆಯುತ್ತವೆ. 1962ರಲ್ಲಿ ಜಾನ್ ಹಾಗೋಪಿಯನ್ ಎಂಬ ವಿಮರ್ಶಕರು ಇದನ್ನು ಬಹಳ ದೂರ ಎಳೆದರು: ಮಳೆಯಲ್ಲಿ ಚೌಕ ದಾಟುವ ರಬ್ಬರ್ ಮೇಲಂಗಿಯ ಮನುಷ್ಯ ಗರ್ಭನಿರೋಧದ ಸಂಕೇತ ಎಂದರು. ಅಪಾಯ ಇರುವುದು ಇಲ್ಲೇ. ಮಳೆಯಲ್ಲಿ ನಡೆಯುವವನು ರಬ್ಬರಿನ ಮೇಲಂಗಿ ತೊಡುವುದು ಅತ್ಯಂತ ಸಹಜ. ಸಹಜ ಕಾರಣ ಕಣ್ಣೆದುರಿಗಿರುವಾಗ ಗೂಢ ಕಾರಣವನ್ನು ಅಗೆದು ತೆಗೆಯಬೇಕಾದರೆ ಕಥೆಯ ಬೇರೆ ಕಡೆಯಿಂದ ಬಲವಾದ ಒತ್ತಾಸೆ ಸಿಗಬೇಕು, ಅದು ಇಲ್ಲಿ ಸಿಗುವುದಿಲ್ಲ. ಅವಳು ಹೇಳುವ ಆಸೆಗಳ ಉದ್ದನೆಯ ಪಟ್ಟಿಯಲ್ಲಿ ಮಗುವಿನ ಹೆಸರೇ ಇಲ್ಲ. ಇದು ಬೇಕೆಂದೇ ಮುಚ್ಚಿಟ್ಟ ಮಾತಿರಬಹುದು, ಮಗುವಿನ ವಿಚಾರವೇ ಇಲ್ಲಿ ಇಲ್ಲದಿರಬಹುದು. ಮಗು ಎಂಬುದನ್ನು ಏಕೈಕ ಉತ್ತರವನ್ನಾಗಿ ಮಾಡಿದರೆ ಕೂದಲು, ಬೆಳ್ಳಿ, ಮೇಣದ ಬತ್ತಿಗಳು ಕಥೆಯಿಂದ ಸದ್ದಿಲ್ಲದೆ ಉದುರಿಹೋಗುತ್ತವೆ.

ಈ ಓದನ್ನು ಸಮರ್ಥಿಸಲು ಗೈಡುಗಳು ಲೇಖಕರ ಜೀವನಚರಿತ್ರೆಯನ್ನೂ ತರುತ್ತವೆ. 1923ರ ಆರಂಭದಲ್ಲಿ ಹೆಮಿಂಗ್ವೇ ದಂಪತಿಗಳು ಇಟಲಿಯ ರಪಾಲೋ ಎಂಬ ಕಡಲೂರಿನಲ್ಲಿದ್ದದ್ದು ನಿಜ, ಹೆಂಡತಿ ಹ್ಯಾಡ್ಲಿ ಆಗ ಗರ್ಭಿಣಿಯಾಗಿದ್ದದ್ದೂ ನಿಜ. ಆ ವರ್ಷದ ಅಕ್ಟೋಬರಿನಲ್ಲಿ ಮಗ ಹುಟ್ಟಿದ. ಆದರೆ ಈ ಕಥೆ ಹ್ಯಾಡ್ಲಿಯ ಬಗ್ಗೆ ಅಲ್ಲ ಎಂದು ಹೆಮಿಂಗ್ವೇ ತಮ್ಮ ಗೆಳೆಯ ಸ್ಕಾಟ್ ಫಿಟ್ಸ್‌ಜೆರಾಲ್ಡ್‌ಗೆ 1925ರಲ್ಲಿ ಪತ್ರ ಬರೆದರು. ಹೋಟೆಲಿನವನನ್ನು ಒಂದು ಊರಿನಿಂದ, ಗಂಡ ಹೆಂಡಿರನ್ನು ಇನ್ನೊಂದು ಊರಿನಿಂದ ತೆಗೆದುಕೊಂಡದ್ದಾಗಿ ತಿಳಿಸಿದರು. ಲೇಖಕರ ಈ ಮಾತನ್ನೂ ಕೊನೆಯ ತೀರ್ಪೆಂದು ನಾನು ಒಪ್ಪುವುದಿಲ್ಲ. ಜೀವನದ ಸಂಗತಿ ಕಥೆಗೆ ಬೆಳಕಿನ ಒಂದು ಮೂಲವೇ ಹೊರತು ಸಾಕ್ಷಿಯಲ್ಲ ಎಂಬುದಕ್ಕೆ ಅದು ಒಳ್ಳೆಯ ಎಚ್ಚರಿಕೆ, ಅಷ್ಟೇ. ಮುಂದೆ ಕ್ಯೂಬಾದ ಮನೆಯಲ್ಲಿ ಅವರು ಸಾಕಿದ ಹಲವಾರು ಬೆಕ್ಕುಗಳನ್ನೂ ಕೆಲವರು ಈ ಚರ್ಚೆಗೆ ಎಳೆತರುತ್ತಾರೆ. ಅವಕ್ಕೂ ಈ ಕಥೆಗೂ ಏನೂ ಸಂಬಂಧವಿಲ್ಲ.

ಬೆಕ್ಕು ಎಂದರೆ ಅವಳೇ ಎಂಬ ಓದು ನನ್ನ ದೃಷ್ಟಿಯಲ್ಲಿ ಹೆಚ್ಚು ಬಲವಾದದ್ದು, ಏಕೆಂದರೆ ಅದಕ್ಕೆ ಸಾಕ್ಷಿ ಅವಳ ಬಾಯಿಂದಲೇ ಬರುತ್ತದೆ. ಮಳೆಯಲ್ಲಿ ಸಿಕ್ಕಿಬಿದ್ದ ಬಡಪಾಯಿ ಬೆಕ್ಕಾಗಿರುವುದರಲ್ಲಿ ಸುಖವೇನೂ ಇಲ್ಲ ಎಂದು ಅವಳು ಗಂಡನಿಗೆ ಹೇಳುತ್ತಾಳೆ. ಬೆಕ್ಕು ಏನು ಅನುಭವಿಸುತ್ತಿದೆ ಎಂಬುದು ತನಗೆ ಒಳಗಿನಿಂದ ಗೊತ್ತು ಎಂಬಂತೆ ಆ ಮಾತು ಇದೆ. ಮಮ್ಮಟನ ಪ್ರಶ್ನೆಗಳನ್ನು ಇಲ್ಲಿಯೇ ಕೇಳಬೇಕು: ಹೇಳಿದವಳು ಯಾರು, ಕೇಳಿದವನು ಯಾರು? ಕೇಳಬೇಕಾದವನು ಮತ್ತೆ ಓದಲು ತೊಡಗಿದ್ದ ಎಂಬುದೇ ಮುಂದಿನ ವಾಕ್ಯ. ಕಥೆಯಲ್ಲಿ ಹೆಸರಿರುವುದು ಗಂಡನಿಗೆ ಮಾತ್ರ. ಅವಳು ಒಮ್ಮೆ ಅಮೆರಿಕದ ಹೆಂಡತಿ, ಕೆಳಗೆ ಅಂಗಳದಲ್ಲಿ ಅಮೆರಿಕದ ಹುಡುಗಿ, ಕೋಣೆಗೆ ಮರಳಿದರೆ ಅವನ ಹೆಂಡತಿ. ಎಲ್ಲಿಯಾದರೂ ಸಲ್ಲಬೇಕೆಂಬ ಹಂಬಲ ಅವಳಿಗೂ ಬೆಕ್ಕಿಗೂ ಸಮಾನ. ಈ ಓದಿನ ಅಪಾಯವೆಂದರೆ, ಅವಳು ಬೆಕ್ಕನ್ನು ಬೇಕೆನ್ನುವವಳೂ ಹೌದು ಎಂಬುದನ್ನು ಅದು ಮರೆಸಿಬಿಡುತ್ತದೆ. ಆಶ್ರಯ ಬೇಡುವವಳೂ ಅವಳೇ, ಆಶ್ರಯ ಕೊಡಲು ಹೊರಟವಳೂ ಅವಳೇ. ಬೆಕ್ಕೇ ಅವಳು ಎಂದು ಸಮೀಕರಿಸಿ ಮುಗಿಸಿದರೆ ಎರಡನೆಯ ಅರ್ಧ ಕೈಬಿಟ್ಟುಹೋಗುತ್ತದೆ.

ಬೆಕ್ಕು ಬರೀ ಬೆಕ್ಕು ಎನ್ನುವವರೂ ನಿಮ್ಮ ತರಗತಿಯಲ್ಲಿ ಇದ್ದಿರಬಹುದು, ನಾಚಿಕೊಂಡು ಕೈ ಎತ್ತಿರಲಿಕ್ಕಿಲ್ಲ. ಅವರಿಗೆ ಧೈರ್ಯ ಹೇಳಿ. ಅವರು ಪಠ್ಯಕ್ಕೆ ಅತ್ಯಂತ ಹತ್ತಿರವಿದ್ದಾರೆ. ಅವರಿಗಿರುವ ತೊಡಕು ಒಂದೇ: ಬೆಕ್ಕಿನ ಬಗ್ಗೆ ಅವಳ ಆಸೆ ಏಕೆ ಅಷ್ಟು ತೀವ್ರ ಎಂದು ಕೇಳಿದರೆ ಅವರ ಬಳಿ ಉತ್ತರವಿಲ್ಲ, ಏಕೆ ಅಷ್ಟು ಬೇಕೆನಿಸಿತೋ ತಿಳಿಯದು ಎಂದು ಅವಳೇ ಹೇಳಿರುವಾಗ ಆ ಪ್ರಶ್ನೆಯನ್ನು ಬಿಟ್ಟುಬಿಡಲೂ ಆಗುವುದಿಲ್ಲ.

ಕಡಲಲ್ಲಿ ತೇಲುವ ನೀರ್ಗಲ್ಲಿನ (ಐಸ್‌ಬರ್ಗ್) ಗಾಂಭೀರ್ಯ ಇರುವುದು ಅದರ ಎಂಟನೆಯ ಒಂದು ಭಾಗ ಮಾತ್ರ ನೀರಿನ ಮೇಲಿರುವುದರಿಂದ ಎಂದು 1932ರ ಒಂದು ಪುಸ್ತಕದಲ್ಲಿ ಹೆಮಿಂಗ್ವೇ ಬರೆದರು. ಈ ಮಾತನ್ನು ಕೆಲವರು ಉಳಿದ ಏಳು ಭಾಗವನ್ನು ನಮ್ಮ ಇಷ್ಟದಂತೆ ತುಂಬಲು ಕೊಟ್ಟ ಪರವಾನಗಿ ಎಂದು ಓದುತ್ತಾರೆ. ಆ ಮಾತಿನ ಮುಂದುವರಿಕೆಯನ್ನೂ ಅವರು ನೋಡಬೇಕು: ತನಗೆ ಗೊತ್ತಿಲ್ಲದ್ದರಿಂದ ಬಿಟ್ಟರೆ ಅದು ಬರೆಹದಲ್ಲಿ ಟೊಳ್ಳು ಜಾಗವಾಗಿ ಉಳಿಯುತ್ತದೆ ಎಂದು ಅಲ್ಲಿಯೇ ಹೇಳಿದೆ. ಗೊತ್ತಿದ್ದು ಬಿಟ್ಟದ್ದು ಮಾತ್ರ ಓದುಗರಿಗೆ ತಾಗುತ್ತದೆ. ಆದ್ದರಿಂದ ಬಿಟ್ಟ ಜಾಗದ ಅಂಚುಗಳನ್ನು ನೋಡಿ ಒಳಗಿನದನ್ನು ಊಹಿಸಬೇಕೇ ಹೊರತು ಅಂಚನ್ನೇ ಅಳಿಸಿಹಾಕಬಾರದು. ಅದೇ ತಲೆಮಾರಿನ ಇನ್ನೊಂದು ಉದಾಹರಣೆ ನಿಮ್ಮ ಪಾಠಕ್ಕೆ ನೆರವಾದೀತು. 1915ರಲ್ಲಿ ಕಾಫ್ಕಾನ ‘ರೂಪಾಂತರ’, ಅಂದರೆ ಗ್ರೆಗೋರ್ ಸಂಸಾ ಎಂಬವನು ಹುಳುವಾಗಿ ಮಾರ್ಪಡುವ ಕಥೆ, ಪುಸ್ತಕವಾಗಿ ಹೊರಬರುವಾಗ ಮುಖಪುಟದಲ್ಲಿ ಚಿತ್ರಕಾರ ಹುಳುವನ್ನೇ ಬರೆದುಬಿಟ್ಟಾನೆಂಬ ಆತಂಕದಿಂದ, ಅದನ್ನು ಚಿತ್ರಿಸಲೇಬಾರದು, ದೂರದಿಂದಲೂ ತೋರಿಸಬಾರದು ಎಂದು ಅವನು ಪ್ರಕಾಶಕರಿಗೆ ಬರೆದ. ಗ್ರೆಗೋರ್ ಸಂಸಾನಿಗೆ ಕಾಲುಗಳು ಎಷ್ಟೊಂದು, ಬೆನ್ನು ಹೇಗೆ ಗಟ್ಟಿ ಎಂದೆಲ್ಲ ವಿವರವಾಗಿ ಹೇಳಿದ ಲೇಖಕನೇ ಅದು ಯಾವ ಹುಳು ಎಂಬುದನ್ನು ಮಾತ್ರ ಕಾಯ್ದುಕೊಂಡ. ಎಲ್ಲವನ್ನೂ ಮಸುಕಾಗಿಸಿಲ್ಲ; ಒಂದೇ ಒಂದು ಮಾತನ್ನು ತಡೆದಿದ್ದಾನೆ. ಹೆಮಿಂಗ್ವೇ ಬೆಕ್ಕಿನ ಬಣ್ಣವನ್ನು ತಡೆಹಿಡಿದದ್ದೂ ಇಂಥದೇ ಕೆಲಸ.

ಎರಡು ಬೆಕ್ಕುಗಳ ವಿಚಾರದಲ್ಲಿ ನನ್ನ ನಿಲುವನ್ನೂ ನೀವು ಕೇಳಬಹುದು. ಅದೇ ಬೆಕ್ಕಾದರೆ ಕಥೆಯ ಕೊನೆ ಸಣ್ಣದೊಂದು ಈಡೇರಿಕೆ: ಗಂಡ ಕೇಳದಿದ್ದುದನ್ನು ಅಪರಿಚಿತನೊಬ್ಬ ಕೇಳಿಸಿಕೊಂಡ. ಬೇರೆಯದಾದರೆ ಅದು ಮರ್ಯಾದೆಯಿಂದ ಕೊಟ್ಟ ಬದಲಿ ವಸ್ತು: ಬೆಕ್ಕು ಬೇಕೆಂದರು, ಬೆಕ್ಕು ಕಳಿಸಿದೆವು. ನಾನು ಮೊದಲಿಗಿಂತ ಎರಡನೆಯ ಸಾಧ್ಯತೆಯ ಕಡೆಗೆ ವಾಲುತ್ತೇನೆ, ಏಕೆಂದರೆ ಯಜಮಾನನ ಉಪಚಾರ ಕೊಡೆಯಿಂದ ಹಿಡಿದು ಎಲ್ಲವೂ ಒಳ್ಳೆಯ ಹೋಟೆಲಿನವನ ಉಪಚಾರ, ಮತ್ತು ಅವಳಿಗೆ ಅವನಲ್ಲಿ ಹಿಡಿಸಿದ್ದೂ ಅದೇ. ಆದರೆ ಇದು ನನ್ನ ಒಲವು. ಪಠ್ಯ ಇದನ್ನು ರುಜುವಾತುಪಡಿಸುವುದಿಲ್ಲ. ಎರಡೂ ಸಾಧ್ಯತೆಗಳಲ್ಲಿ ಬದಲಾಗದೆ ನಿಲ್ಲುವ ಒಂದು ಸಂಗತಿ ಇದೆ: ಬೆಕ್ಕನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಳಿಸಬಹುದು, ಅವಳ ಪಟ್ಟಿಯ ಹೆಚ್ಚಿನ ಆಸೆಗಳನ್ನು ಹಾಗೆ ಕಳಿಸಲಾಗದು. ಉದ್ದ ಕೂದಲನ್ನು, ಸ್ವಂತ ಮನೆಯ ಊಟದ ಮೇಜನ್ನು, ವಸಂತವನ್ನು ಯಾವ ಯಜಮಾನನೂ ಮಹಡಿಗೆ ಕಳಿಸಲಾರ. ನಿಮ್ಮ ವಿದ್ಯಾರ್ಥಿನಿ ಕೇಳಿದಂತೆ ಬೆಕ್ಕು ಬೇರೆಯಾದರೆ ಅರ್ಥಗಳೆಲ್ಲ ಬಿದ್ದುಹೋಗುವುದಿಲ್ಲ. ಬೆಕ್ಕನ್ನು ಒಂದೇ ಅರ್ಥಕ್ಕೆ ಕಟ್ಟಿಹಾಕಿದ ಓದುಗಳು ಮಾತ್ರ ಬೀಳುತ್ತವೆ. ಬೆಕ್ಕು ಎಂದರೆ ಮಗು ಎಂದವರು, ಹಾಗಾದರೆ ಬಾಗಿಲಿಗೆ ಬಂದ ಈ ಇನ್ನೊಂದು ಯಾರ ಮಗು ಎಂಬ ಪ್ರಶ್ನೆಗೆ ಸಿಕ್ಕಿಕೊಳ್ಳುತ್ತಾರೆ.

ಪರೀಕ್ಷೆಯ ಮಾತಿಗೆ ಬಂದರೆ, ಉತ್ತರಪತ್ರಿಕೆಗಳನ್ನು ತಿದ್ದಿದ ಅನುಭವದಿಂದ ಹೇಳುತ್ತೇನೆ: ‘ಈ ಕಥೆಗೆ ಹಲವು ಅರ್ಥಗಳಿವೆ’ ಎಂದು ಬರೆದು ನಿಲ್ಲಿಸಿದ ಉತ್ತರ ‘ಬೆಕ್ಕು ಮಗುವಿನ ಸಂಕೇತ’ ಎಂದು ಬರೆದು ನಿಲ್ಲಿಸಿದ ಉತ್ತರಕ್ಕಿಂತ ಮೇಲಲ್ಲ, ಎರಡರಲ್ಲೂ ಕಥೆಯ ಒಂದು ವಾಕ್ಯವೂ ಇರುವುದಿಲ್ಲ. ಮಕ್ಕಳು ಒಂದು ಓದನ್ನು ಆರಿಸಿಕೊಳ್ಳಲಿ, ಅದಕ್ಕೆ ಒತ್ತಾಸೆಯಾದ ಎರಡು ಮೂರು ವಿವರಗಳನ್ನು ಕಥೆಯಿಂದ ಕೊಡಲಿ, ಆಮೇಲೆ ಆ ಓದಿಗೆ ಒಗ್ಗದ ಒಂದು ವಿವರವನ್ನಾದರೂ ತಾವೇ ಎತ್ತಿ ತೋರಿಸಲಿ. ಮೌಲ್ಯಮಾಪಕರ ಬಳಿ ಗೈಡಿನ ಉತ್ತರವೇ ಮಾದರಿಯಾಗಿ ಇದ್ದರೂ ಹಾಗೆ ಬರೆದ ಉತ್ತರವನ್ನು ತಪ್ಪೆಂದು ಹೊಡೆಯುವುದು ಸುಲಭವಲ್ಲ. ಆದರೂ ಒಂದೆರಡು ಅಂಕ ಹೋಗುವ ಸಂಭವ ಇದ್ದೇ ಇದೆ, ಅದನ್ನು ಮಕ್ಕಳಿಗೆ ಮುಚ್ಚಿಡಬೇಡಿ. ಗೈಡಿನ ಅರ್ಥವನ್ನು ಒಂದು ವಾಕ್ಯದಲ್ಲಿ ಉಲ್ಲೇಖಿಸಿ, ಅದು ಎಲ್ಲಿ ಸಾಲದಾಗುತ್ತದೆ ಎಂದು ತೋರಿಸಿ ಮುಂದುವರಿದರೆ ಆ ನಷ್ಟವೂ ಕಡಿಮೆಯಾದೀತು. ಆ ಹುಡುಗಿಗೆ ಮುಂದಿನ ತರಗತಿಯಲ್ಲಿ ಕಥೆಯ ಕೊನೆಯ ಐದಾರು ಸಾಲುಗಳನ್ನು ಗಟ್ಟಿಯಾಗಿ ಓದಲು ಹೇಳಿ, ಬಾಗಿಲ ಕಡೆ ನೋಡುತ್ತಿರುವುದು ಯಾರ ಕಣ್ಣು ಎಂದು ಉಳಿದವರನ್ನು ಕೇಳಿ. ಚರ್ಚೆ ಅಲ್ಲಿಂದ ಶುರುವಾಗಲಿ.